ಅಣ್ಣ ದುಬೈದಾಗ ಅದಾನ, ತಮ್ಮಗ ನೌಕರಿ ಸಿಗತೈತೇನ್ರಿ?



ಮೊನ್ನೆ ಕಿತ್ತೂರು ಕಡೆಯಿಂದ ಒಬ್ಬ ರೈತರು ಫೋನ್ ಮಾಡಿದ್ದರು. "ಸರ್, ಸಣ್ಣ ಹುಡುಗಗ ಬಿಎಸ್ಎಫ್‌ನ್ಯಾಗ ನೌಕರಿ ಆಗೇತ್ರಿ. ಫಾರ್ಮ್ ತುಂಬಾಕ ಕುಂತಾನ. ದೊಡ್ಡಾವ ದುಬೈದಾಗ ಅದಾನ. ಅದನ್ನ ಬರದ್ರ ನೌಕರಿ ಹೋಗ್ತೈತಿ, ಊರ ವಿಳಾಸನ ಬರದುಬಿಡ್ರಿ ಅಂತ ಮಂದಿ ಹೇಳಾಕತ್ತಾರ. ಏನ್ ಮಾಡೂಣ್ರಿ?"

ಇವತ್ತಿನ ಮಾತು ಆ ಕಾಕಾಗೆ. ಅವರಂಥವರು ಒಬ್ಬರಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಯಾವ ರಸ್ತೆಗೆ ಹೋದರೂ ನಸುಕಿನಲ್ಲೇ ಭರ್ತಿಗಾಗಿ ಓಡುವ ಹುಡುಗರು ಸಿಗ್ತಾರೆ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ. ಇದು ಸಮವಸ್ತ್ರದ ಕನಸು ಕಾಣುವ ಸೀಮೆ. ಅದೇ ಮನೆಯ ಇನ್ನೊಬ್ಬ ಮಗ ದುಬೈಗೋ ಕತಾರ್‌ಗೋ ದುಡಿಯೋಕೆ ಹೋಗಿರ್ತಾನೆ. ಒಬ್ಬನ ದುಡಿಮೆ ಇನ್ನೊಬ್ಬನ ಭವಿಷ್ಯಕ್ಕೆ ಅಡ್ಡಿ ಆಗುತ್ತಾ?

ಮೊದಲು ಫಾರ್ಮ್ ಏನು ಕೇಳುತ್ತೆ ನೋಡೋಣ. ಕೇಂದ್ರ ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರು ಅಟೆಸ್ಟೇಶನ್ ಫಾರ್ಮ್ ತುಂಬಬೇಕು. ಅದರ ಮೇಲೆ ಪೊಲೀಸರು ಪೂರ್ವಾಪರ ಪರಿಶೀಲನೆ ಮಾಡ್ತಾರೆ. ಅದರಲ್ಲಿ ತಂದೆ, ತಾಯಿ, ಹೆಂಡತಿ ಅಥವಾ ಗಂಡ, ಅಣ್ಣತಮ್ಮ, ಅಕ್ಕತಂಗಿಯರ ರಾಷ್ಟ್ರೀಯತೆ, ಉದ್ಯೋಗ, ಈಗಿನ ವಿಳಾಸ ಕೇಳ್ತಾರೆ. 21 ವರ್ಷ ಆದಮೇಲೆ ನೀವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದರೆ ಅದರ ವಿವರವನ್ನೂ ಕೊಡಬೇಕು. ಮಕ್ಕಳು ವಿದೇಶದಲ್ಲಿ ಓದ್ತಿದ್ದರೆ ಅದನ್ನೂ ಬರೀಬೇಕು.

ಇನ್ನು ಎಚ್ಚರಿಕೆ ಏನಂತಿದೆ? ವಿದೇಶದಲ್ಲಿ ಬಂಧುಗಳಿದ್ದರೆ ಅನರ್ಹ ಅಂತ ಅಲ್ಲಿ ಬರೆದಿಲ್ಲ. ಸುಳ್ಳು ಮಾಹಿತಿ ಕೊಟ್ಟರೆ, ನಿಜ ಮುಚ್ಚಿಟ್ಟರೆ ಅನರ್ಹ ಅಂತ ಬರೆದಿದೆ. ಕಾಕಾ, ವ್ಯತ್ಯಾಸ ಇಲ್ಲೇ ಇದೆ.

ಮದುವೆ ವಿಚಾರದಲ್ಲೂ ಹೀಗೇ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ ಪ್ರಕಾರ ವಿದೇಶಿ ಪ್ರಜೆಯನ್ನು ಮದುವೆಯಾದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ವಿದೇಶಾಂಗ ಸೇವೆಯವರಿಗೆ ಇನ್ನೂ ಬಿಗಿ: ಮೊದಲೇ ಲಿಖಿತ ಅನುಮತಿ ಬೇಕು. ಪಹಲ್ಗಾಮ್ ದಾಳಿಯ ನಂತರ, 2025ರ ಮೇ ತಿಂಗಳಲ್ಲಿ ಸಿಆರ್‌ಪಿಎಫ್ ಒಬ್ಬ ಯೋಧರನ್ನು ವಜಾ ಮಾಡಿತು. ಪಾಕಿಸ್ತಾನಿ ಮಹಿಳೆಯ ಜೊತೆಗಿನ ಮದುವೆ ಮುಚ್ಚಿಟ್ಟರು, ವೀಸಾ ಮುಗಿದ ಮೇಲೂ ಆಕೆಗೆ ಆಶ್ರಯ ಕೊಟ್ಟರು ಅನ್ನೋದು ಪಡೆಯ ಆರೋಪ. ಇಲಾಖೆಗೆ ತಿಳಿಸಿಯೇ ಮದುವೆ ಆಗಿದ್ದೆ ಅನ್ನೋದು ಅವರ ವಾದ. ಯಾರದು ಸರಿ ಅಂತ ನಾನು ತೀರ್ಪು ಕೊಡಲ್ಲ. ಆದರೆ ಜಗಳ ಯಾವುದರ ಮೇಲೆ ನಿಂತಿದೆ ನೋಡಿ: ತಿಳಿಸಿದ್ದರೋ, ಇಲ್ಲವೋ.

ಸರ್ಕಾರ ಇಷ್ಟೆಲ್ಲ ಯಾಕೆ ಕೇಳಬೇಕು? ಉತ್ತರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಕಾರವಾರ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಬೇಹುಗಾರರಿಗೆ ಕೊಟ್ಟ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಎನ್ಐಎ ಇಬ್ಬರನ್ನು ಬಂಧಿಸಿತು. ಮುಚ್ಚಿಟ್ಟ ಸಂಬಂಧ ಬೇಹುಗಾರನ ಕೈಗೆ ಸಿಕ್ಕ ಹಗ್ಗ ಇದ್ದಂಗೆ. ಹೇಳಿಬಿಡ್ತೀನಿ ಅಂತ ಹೆದರಿಸಿ ಕೆಲಸ ಮಾಡಿಸಿಕೊಳ್ಳಬಹುದು. ಮೊದಲೇ ಹೇಳಿದವನನ್ನು ಏನಂತ ಹೆದರಿಸ್ತಾರೆ? ನಾನು ಇಂಜಿನಿಯರಿಂಗ್ ಓದಿದವನು. ಗೊತ್ತಿರುವ ಲೋಡ್‌ಗೆ ಲೆಕ್ಕ ಹಾಕಿ ವೈರ್ ಎಳೀಬಹುದು. ಲೆಕ್ಕಕ್ಕೇ ಬಾರದ ಲೋಡ್ ವೈರನ್ನೇ ಸುಡುತ್ತೆ.

ಆದರೆ ಈ ಮಾತಿಗೆ ಇನ್ನೊಂದು ಮಗ್ಗಲು ಇದೆ. ಅದನ್ನು ಹೇಳದಿದ್ದರೆ ಅನ್ಯಾಯ ಆಗುತ್ತೆ. 1994ರ ಇಸ್ರೋ ಬೇಹುಗಾರಿಕೆ ಪ್ರಕರಣ ನೆನಪಿಸಿಕೊಳ್ಳಿ. ಮಾಲ್ಡೀವ್ಸ್‌ನ ಇಬ್ಬರು ಮಹಿಳೆಯರ ಹೆಸರಿನ ಸುತ್ತ ಕಥೆ ಹೆಣೆದು ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಜೈಲಿಗೆ ಹಾಕಿದರು. 1996ರಲ್ಲಿ ಸಿಬಿಐ ಆರೋಪ ಸುಳ್ಳು ಅಂದಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರ್ 14ಕ್ಕೆ. ಇದೇ ಕೇಸಿನಲ್ಲಿ ಬೆಂಗಳೂರಿನ ಒಬ್ಬ ಉದ್ಯಮಿಯನ್ನೂ ಸಿಕ್ಕಿಸಿದ್ದರು. ಅವರು ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದವರು. ತೀರ್ಪು ಬಂದ ಎರಡೇ ದಿನಕ್ಕೆ ಅವರು ತೀರಿಕೊಂಡರು. ಆಗ ನಮ್ಮ ಮಾಧ್ಯಮಗಳೂ ಆ ಕಥೆಯನ್ನು ರಂಗುರಂಗಾಗಿ ಮಾರಿದ್ದವು. ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು.

ಹಾಗಾಗಿ ಅಧಿಕಾರಿಗಳಿಗೂ ಒಂದು ಮಾತು. 2016ರ ಅವತಾರ್ ಸಿಂಗ್ ಪ್ರಕರಣ ಕ್ರಿಮಿನಲ್ ಕೇಸ್ ಮುಚ್ಚಿಟ್ಟವರ ಕುರಿತದ್ದು. ಅಭ್ಯರ್ಥಿ ನಿಜ ಹೇಳಬೇಕು ಅಂತ ಅಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರವೂ ಎಲ್ಲ ಅಂಶ ತೂಗಿ ನೋಡಿ ನಿರ್ಧರಿಸಬೇಕು ಅಂತಲೂ ಹೇಳಿತು. ವಿದೇಶಿ ಸಂಬಂಧಕ್ಕೂ ಇದೇ ನ್ಯಾಯ ಇರಲಿ. ಯಾವ ದೇಶ, ಎಷ್ಟು ಹತ್ತಿರದ ನಂಟು, ಯಾವ ಹುದ್ದೆ, ಎಲ್ಲ ನೋಡಿ. ದುಬೈ ಅಂದಕೂಡಲೇ ಫೈಲನ್ನು ಮೂಲೆಗೆ ತಳ್ಳಬೇಡಿ. ಅನುಮಾನ ಇದ್ದರೆ ಹುಡುಗನನ್ನು ಕರೆದು ಕೇಳಿ.

ದ್ರೋಹ ಯಾವಾಗಲೂ ಹೊರಗಿಂದಲೇ ಬರುತ್ತೆ ಅನ್ನೋದನ್ನು ಕಿತ್ತೂರಿನ ಜನ ಒಪ್ಪಲ್ಲ. ಮಲ್ಲಪ್ಪಶೆಟ್ಟಿ ಹೆಸರು ಇವತ್ತಿಗೂ ಅಲ್ಲಿ ಬೈಗುಳ. ಅವನು ಅರಮನೆಯ ಅನ್ನ ಉಂಡವನೇ. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರೂ ನಮ್ಮವರೇ.

ಕಾಕಾ, ಬರೆದರೆ ನೌಕರಿ ಗ್ಯಾರಂಟಿ ಅಂತ ನಾನು ಹೇಳಲಾರೆ. ಆದರೆ ಮುಚ್ಚಿಟ್ಟು ಸಿಕ್ಕ ನೌಕರಿ ಹತ್ತು ವರ್ಷ ಆದಮೇಲೂ ಹೋಗಬಹುದು. ದೊಡ್ಡವನ ದುಬೈ ವಿಳಾಸ, ಅವನು ಮಾಡೋ ಕೆಲಸ ಎರಡನ್ನೂ ಸರಿಯಾಗಿ ಬರೆಸಿ. ಫಾರ್ಮಿನ ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಏನಾದರೂ ತಿಳಿಸಬೇಕಾಗಿ ಬಂದರೆ ಹುಡುಗ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬಾರದು. ಬರೆದು ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಲಿ.

ದೊಡ್ಡ ಮಗ ಮರಳುಗಾಡಿನ ಬಿಸಿಲಲ್ಲಿ ದುಡೀತಿದ್ದಾನೆ. ಅದು ಮುಚ್ಚಿಡೋ ವಿಷಯ ಅಲ್ಲ ಕಾಕಾ, ಧೈರ್ಯವಾಗಿ ಬರೆಸಿ.