ಎಲ್ಲರಿಗೂ ಆರೋಗ್ಯ: ನಮ್ಮ ಜನ ಏನಂತಾರೆ?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುದಿನದಂದು ಸಾಲ, ಗೊಬ್ಬರ, ಬೀಜದ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ಆರೋಗ್ಯದ ವಿಷಯ ನಮ್ಮ ಪಾಲಿಗೆ ಬಂದಿದೆ. ನಾವೇನು ಡಾಕ್ಟರಲ್ಲ, ಕಲಿತದ್ದೂ ಎಸ್.ಎಸ್.ಎಲ್.ಸಿ. ತನಕ. ಆದರೆ ಸಂಘದ ಕಟ್ಟೆಯ ಮೇಲೆ ಕುಂತಾಗ ಜನ ದವಾಖಾನಿ ಬಗ್ಗೆ ಏನೇನು ಮಾತಾಡ್ತಾರೆ ಎಂಬುದನ್ನು ವರ್ಷಗಟ್ಟಲೆ ಕೇಳಿದ್ದೇವೆ. ಅದನ್ನೇ ತಮ್ಮ ಮುಂದೆ ಇಡುತ್ತೇವೆ.

ದವಾಖಾನಿಗೂ ಪತ್ತಿನ ಸಂಘಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ನಮ್ಮ ಸುಸ್ತಿದಾರರ ಪಟ್ಟಿಯಲ್ಲೇ ಇದೆ. ಆ ಪಟ್ಟಿ ಹಿಡಕೊಂಡು ಮನೆ ಮನೆಗೆ ಹೋದವರು ನಾವು. ಕುಡಿದು ಕಳಕೊಂಡವರು ಇದ್ದಾರೆ, ಇಲ್ಲ ಅನ್ನೋದಿಲ್ಲ. ಬೆಳೆ ಕೈಕೊಟ್ಟವರೂ ಇದ್ದಾರೆ. ಆದರೆ ಮನೆಯಲ್ಲಿ ಒಬ್ಬರಿಗೆ ದೊಡ್ಡ ಬ್ಯಾನಿ ಬಂತು, ಗೊಬ್ಬರಕ್ಕಂತ ಎತ್ತಿದ ಬೆಳೆಸಾಲದ ರೊಕ್ಕ ಗಂಗಾವತಿಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಹೋಯ್ತು, ಭತ್ತಕ್ಕೆ ಹಾಕೋದು ಹಾಕಲಿಲ್ಲ, ಇಳುವರಿ ಬರಲಿಲ್ಲ ಅನ್ನೋ ಮನೆಗಳೂ ಕಡಿಮೆ ಇಲ್ಲ. ಬಡ್ಡಿ ಇಲ್ಲದ ಸಾಲ ಕೊಟ್ಟರೂ ಅಸಲೇ ದವಾಖಾನಿಗೆ ಹೋದ ಮೇಲೆ ರೈತ ತೀರಿಸೋದು ಎಲ್ಲಿಂದ?

ಈಗ ಜನರ ಮಾತಿಗೆ ಬರೋಣ. ಒಂದು ಪಕ್ಷದವರು ಹೇಳೋದು ಇದು: ಸರ್ಕಾರ ಎಲ್ಲರಿಗೂ ಪುಕ್ಕಟೆ ಔಷಧ ಉಪಚಾರ ಕೊಡಬೇಕು, ಅದು ಧರ್ಮ ಅಲ್ಲ, ಹಕ್ಕು. 1946ರಲ್ಲೇ ಭೋರ್ ಸಮಿತಿ, ಕೈಯಲ್ಲಿ ರೊಕ್ಕ ಇಲ್ಲ ಅಂತ ಯಾವನಿಗೂ ಚಿಕಿತ್ಸೆ ತಪ್ಪಬಾರದು ಅಂತ ವರದಿ ಕೊಟ್ಟಿತ್ತು. ಇನ್ನೊಂದು ಪಕ್ಷದವರು, "ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರೋದಿಲ್ಲ ನೋಡ್ರಿ. ಸರಕಾರಿ ದವಾಖಾನ್ಯಾಗ ಡಾಕ್ಟರ್ ಇದ್ರ ಔಷಧ ಇರೂದಿಲ್ಲ, ಔಷಧ ಇದ್ರ ಡಾಕ್ಟರ್ ಇರೂದಿಲ್ಲ" ಅಂತಾರೆ. ಎರಡನೇ ಮಾತು ಹೇಳೋರೇ ಹೆರಿಗೆಗೆ ಮಗಳನ್ನು ಸರಕಾರಿ ದವಾಖಾನಿಗೇ ಕರಕೊಂಡು ಹೋಗ್ತಾರೆ ಅನ್ನೋದು ಬೇರೆ ಮಾತು. ಹಾವು ಕಡಿದಾಗಲೂ ಓಡೋದು ಅಲ್ಲಿಗೇ.

ಈ ಎರಡರ ನಡುವೆ ಮೂರನೇ ದಾರಿಯೊಂದನ್ನು ತೋರಿಸಿದ್ದು ನಮ್ಮ ರಾಜ್ಯದ ಸಹಕಾರ ಕ್ಷೇತ್ರ ಎಂಬುದು ಹೆಮ್ಮೆಯ ಸಂಗತಿ. 1905ರಲ್ಲಿ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ಹೆಚ್ಚುಕಡಿಮೆ ನೂರು ವರ್ಷದ ಮೇಲೆ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿ ಇದ್ದಾಗ, ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಸಲಹೆಯಿಂದ ಯಶಸ್ವಿನಿ ಯೋಜನೆ ಬಂತು. 2002ರ ನವೆಂಬರಿನಲ್ಲಿ ಉದ್ಘಾಟನೆ, 2003ರ ಜೂನ್ 1ರಿಂದ ಚಿಕಿತ್ಸೆ. ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ಯೋಜನೆಯದು. ಒಂದು ಆಪರೇಷನ್ನಿಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದ ತನಕ. ಹೃದಯದ ಆಪರೇಷನ್ ಅಂದರೆ ಊರಿನ ಶ್ರೀಮಂತರ ಮಾತಾಗಿದ್ದ ಕಾಲವದು. ಮುಂದೆ ಹಾವು ಕಡಿತ, ಎತ್ತು ಹಾಯ್ದದ್ದು, ಕರೆಂಟ್ ಹೊಡೆದದ್ದು, ಒಕ್ಕಲುತನದ ಯಂತ್ರಕ್ಕೆ ಕೈ ಸಿಕ್ಕಿದ್ದು, ಇವೂ ಸೇರಿದವು. ಯಾರೋ ಹೊಲ ನೋಡಿದವರೇ ಈ ಪಟ್ಟಿ ಮಾಡಿರಬೇಕು.

ಇಷ್ಟಾದರೂ ಒಂದು ಪಾಠ ಬೇಗ ಸಿಕ್ಕಿತು. ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಎರಡನೇ ವರ್ಷ 20 ಲಕ್ಷ ದಾಟಿತು. ಮೂರನೇ ವರ್ಷ ವಂತಿಗೆ 120 ರೂಪಾಯಿ ಆದ ಕೂಡಲೇ 15 ಲಕ್ಷಕ್ಕಿಂತ ಕೆಳಗಿಳಿಯಿತು. ಬಿಟ್ಟುಹೋದವರು ಯಾರು? ಆರಾಮ ಇದ್ದವರು. "ಎರಡು ವರ್ಷ ಕಟ್ಟಿದೆ, ಏನೂ ಆಗಲಿಲ್ಲ, ರೊಕ್ಕ ದಂಡ" ಅಂದರು. ಉಳಿದವರಲ್ಲಿ ಬ್ಯಾನಿ ಇದ್ದವರೇ ಹೆಚ್ಚಾದರೆ ಯಾವ ನಿಧಿಯೂ ತಾಳೋದಿಲ್ಲ. ಇವತ್ತಿಗೂ ನಮ್ಮ ಕಟ್ಟೆಯ ಮೇಲೆ ಇದೇ ಮಾತು. ಬೆಳೆವಿಮೆ ಕಟ್ಟಿ ಕಟ್ಟಿ ಬೇಸತ್ತ ರೈತ ವಿಮೆ ಅಂದರೆ ಮೂಗು ಮುರೀತಾನೆ, ಅವನದೂ ತಪ್ಪಲ್ಲ.

ನಾವು ಅವರಿಗೆ ಮುಯ್ಯಾಳಿನ ಲೆಕ್ಕ ಹೇಳ್ತೇವೆ. ನಾಟಿಗೆ, ಕೊಯ್ಲಿಗೆ ಹಿಂದೆ ನಮ್ಮ ಹಿರಿಯರು ಮುಯ್ಯಾಳು ಹೋಗ್ತಿದ್ದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದವಾಖಾನಿ ಮುಯ್ಯಿಯಲ್ಲಿ ಒಂದೇ ವ್ಯತ್ಯಾಸ: ಇಲ್ಲಿ ಕೊಟ್ಟ ಮುಯ್ಯಿ ನಮಗೆ ತಿರುಗಿ ಬರಲಿಲ್ಲ ಅಂದರೆ ದೇವರಿಗೆ ಕಾಯಿ ಒಡೀಬೇಕು.

ಯೋಜನೆಯ ದೊಡ್ಡ ಪೆಟ್ಟು ಬಿದ್ದದ್ದು 2018ರಲ್ಲಿ. ಎಲ್ಲ ಆರೋಗ್ಯ ಯೋಜನೆಗಳನ್ನೂ ಒಂದು ಮಾಡ್ತೇವೆ ಅಂತ ಸರ್ಕಾರ ಆರೋಗ್ಯ ಕರ್ನಾಟಕ ತಂದಿತು, ಯಶಸ್ವಿನಿ ನಿಂತಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ ಅದರ ಜೊತೆ ಕೂಡಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ಖರ್ಚಿನ ಶೇಕಡಾ 30 ಮಾತ್ರ. ವಿಚಾರ ದೊಡ್ಡದು. ರೊಕ್ಕ ಕಟ್ಟೋದು ಬೇಡ, ಕೊನೆ ದಿನ ಅಂತ ಗಡಿಬಿಡಿ ಬೇಡ, ರೇಷನ್ ಕಾರ್ಡೇ ಸಾಕು. ಕೂಲಿಕಾರರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಐದಾರು ಎಕರೆ ನೀರಾವರಿ ಇದ್ದು, ಎ.ಪಿ.ಎಲ್. ಕಾರ್ಡು ಹಿಡಿದು, ಮೇಲೆ ಸಾಲ ಹೊತ್ತ ರೈತನಿಗೆ ನೂರರಲ್ಲಿ ಎಪ್ಪತ್ತು ಕೈಯಿಂದಲೇ ಹೋಗಬೇಕು. ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯೋ ನಮ್ಮ ಸೀಮೆಯಲ್ಲಿ ಇಂಥವರು ಬಹಳ. ಕಾಗದದ ಮೇಲೆ ಶ್ರೀಮಂತ, ದವಾಖಾನ್ಯಾಗ ಬಡವ. ರೈತರು ಕೇಳಿ ಕೇಳಿ ಕಡೆಗೆ 2022-23ರ ಬಜೆಟ್ಟಿನಲ್ಲಿ ಯಶಸ್ವಿನಿ ಮತ್ತೆ ಬಂತು. ನವೆಂಬರಿನಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ. ಹಳ್ಳಿಯ ಸಹಕಾರ ಸಂಘದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದರ ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ ಅಂತ ಗೊತ್ತುಮಾಡಿದರು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರವೇ ಭರಿಸುವಂತೆ ಮಾಡಿದರು. ಮಿತಿಯನ್ನು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷಕ್ಕೆ ಏರಿಸಿದರು.

ಕುಂದುಕೊರತೆ ಹೇಳದೆ ಬಿಟ್ಟರೆ ತಾವು ನಮ್ಮನ್ನು ಏಜೆಂಟರು ಅಂತೀರಿ. ಆದ್ದರಿಂದ ಹೇಳಿಬಿಡ್ತೇವೆ.

ಕಾರ್ಡು ಇದೆ, ಕಾರ್ಡು ನಡೆಯೋ ದವಾಖಾನಿ ದೂರ ಇದೆ. ನಮ್ಮ ಪರಿಚಯದ ಹಮಾಲರೊಬ್ಬರು ಭತ್ತದ ಚೀಲದ ಮೇಲಿಂದ ಬಿದ್ದು ತೊಡೆಯ ಎಲುಬು ಮುರಕೊಂಡರು. ಮೊದಲು ಹೋದಲ್ಲಿ ಈ ಕಾರ್ಡು ನಡೆಯೋದಿಲ್ಲ ಅಂದರು. ಎರಡನೇ ಕಡೆ ನಡೀತದೆ, ಸರಕಾರಿ ದವಾಖಾನಿಯಿಂದ ಚೀಟಿ ತರ್ರಿ ಅಂದರು. ಚೀಟಿ ತಂದು ಆಪರೇಷನ್ ಆಗೋದ್ರಾಗ ಮೂರು ದಿನ. ಆಪರೇಷನ್ ಪುಕ್ಕಟೆ ಆಯ್ತು, ಅದು ಸುಳ್ಳಲ್ಲ. ಆದರೆ ಆ ಮೂರು ದಿನದ ವಾಹನ ಬಾಡಿಗೆ, ಊಟ, ಹೊರಗಿನ ಔಷಧಕ್ಕೆ ಅವರ ಹೆಂಡತಿ ಕಿವಿಯೋಲೆ ಒತ್ತೆ ಇಟ್ಟರು. ಯೋಜನೆ ಚಲೋದೋ ಕೆಟ್ಟದ್ದೋ ಅಂತ ಆ ತಾಯಿಯನ್ನು ಕೇಳಿದರೆ ಏನು ಹೇಳ್ಯಾರು? ಗಂಡ ಎದ್ದು ನಡೆದಾಡ್ತಾನೆ, ಓಲೆ ಇನ್ನೂ ಬಂದಿಲ್ಲ.

ಇನ್ನೊಂದು ದೊಡ್ಡ ಕೊರತೆ ಅಂದರೆ, ಈ ಕಾರ್ಡುಗಳೆಲ್ಲ ಮುಖ್ಯವಾಗಿ ಮಂಚದ ಮೇಲೆ ಮಲಗಿದವನಿಗೆ. ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆಗೆ ತಿಂಗಳಾ ತಿಂಗಳಾ ಹೋಗೋ ರೊಕ್ಕಕ್ಕೆ ಇವು ಆಸರೆ ಆಗೋದಿಲ್ಲ. ಗುಳಿಗೆ ತುಟ್ಟಿ ಅಂತ ಬಿಟ್ಟವನಿಗೇ ನಾಲ್ಕು ವರ್ಷದ ಮೇಲೆ ಲಕ್ವಾ ಹೊಡೀತದೆ, ಕಿಡ್ನಿ ಹೋಗ್ತದೆ. ಆಗ ಕಾರ್ಡು ತೋರಿಸು ಅಂತೇವೆ! ಗದ್ದೆಗೆ ಬೆಂಕಿರೋಗ ಬಿದ್ದಾಗ ಚುಕ್ಕೆ ಕಂಡಕೂಡಲೇ ಔಷಧ ಹೊಡೀತೇವೆ, ಮೈಗೆ ಬಂದರೆ ಕಾಯ್ತೇವೆ. ಅದಕ್ಕೇ ನಮ್ಮ ಅಭಿಪ್ರಾಯ, ಊರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್, ಗುಳಿಗೆ ಎರಡೂ ಒಂದೇ ದಿನ ಸಿಗುವಂತಾಗಬೇಕು. ಕಾರ್ಡು ಬಂತು ಅಂತ ಆ ಬೇಡಿಕೆ ಬಿಡಬಾರದು. ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜು ಬಂದ ಮೇಲೆ ಜಿಲ್ಲೆಗೆ ಅನುಕೂಲ ಆಗಿದೆ, ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಕೂಸಿಗೆ ಜ್ವರ ಬಂದರೆ ಕೊಪ್ಪಳ ದೂರ.

ಹೊರದೇಶದ ಒಂದು ಸಂಗತಿ ಹೇಳಿ ಮುಂದೆ ಹೋಗ್ತೇವೆ. ಕೆನಡಾದಲ್ಲಿ ಸಸ್ಕಾಚೆವಾನ್ ಅಂತ ಗೋಧಿ ಬೆಳೆಯೋ ಪ್ರಾಂತ ಇದೆ. 1915ರ ಸುಮಾರಿಗೆ ಅಲ್ಲಿಯ ರೈತರು, ಊರಲ್ಲಿ ಡಾಕ್ಟರ್ ನಿಲ್ಲೋದಿಲ್ಲ ಅಂತ, ತಮ್ಮ ಊರಾಡಳಿತದ ತೆರಿಗೆಯಿಂದಲೇ ಸಂಬಳ ಕೊಟ್ಟು ಡಾಕ್ಟರನ್ನು ಇಟ್ಟುಕೊಂಡರು. ಅದೇ ಬೆಳೆದು 1962ರಲ್ಲಿ ಪ್ರಾಂತದ ಎಲ್ಲರಿಗೂ ವೈದ್ಯಕೀಯ ವಿಮೆ ಆಯ್ತು. ಡಾಕ್ಟರುಗಳು ಮೂರು ವಾರ ಮುಷ್ಕರ ಹೂಡಿದರು, ಆದರೂ ಯೋಜನೆ ನಿಂತಿತು. ಆಮೇಲೆ ಇಡೀ ದೇಶಕ್ಕೇ ಬಂತು. ಅಲ್ಲಿಯೂ ಜನ ಬೈಯೋದು ಬಿಟ್ಟಿಲ್ಲ. ಚಪ್ಪೆ ಎಲುಬಿನ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು ಅಂತಾರೆ. ಆದರೆ ಕಾಯೋ ಸಾಲಿನಲ್ಲಿ ಉಳ್ಳವನೂ ಇಲ್ಲದವನೂ ಕೂಡಿಯೇ ನಿಲ್ತಾರೆ. ನಮ್ಮಲ್ಲಿ ಉಳ್ಳವರು ಬೇರೆ ಬಾಗಿಲಿಂದ ಹೋಗ್ತಾರೆ, ಆದ್ದರಿಂದ ಸರಕಾರಿ ದವಾಖಾನಿ ಸುಧಾರಿಸಲಿ ಅಂತ ಜೋರು ಮಾಡೋರು ಕಡಿಮೆ.

ಇನ್ನು ಸಂಘ ಏನು ಮಾಡಬಹುದು? ಆಡಳಿತ ಮಂಡಳಿಯ ಮುಂದೆ ನಾವು ಎರಡು ಮಾತು ಇಟ್ಟಿದ್ದೇವೆ, ಇಲ್ಲಿ ಎಲ್ಲರ ಎದುರೂ ಇಡ್ತೇವೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಜನೌಷಧಿ ಕೇಂದ್ರ ತೆರೆಯಲು ಅವಕಾಶ ಮಾಡಿತು. 120 ಚದರ ಅಡಿ ಜಾಗ ಬೇಕು, ಫಾರ್ಮಸಿ ಓದಿದವರು ಒಬ್ಬರು ಬೇಕು. ಗೊಬ್ಬರದ ಗೋದಾಮಿನ ಪಕ್ಕದ ಕೋಣೆ ಅದಕ್ಕಿಂತ ದೊಡ್ಡದಿದೆ, ಊರಲ್ಲಿ ಡಿ.ಫಾರ್ಮ. ಮುಗಿಸಿ ಕುಂತ ಹುಡುಗರೂ ಇದ್ದಾರೆ. ಯೂರಿಯಾ ಮಾರೋ ಸಂಘ ಸಕ್ಕರೆ ಕಾಯಿಲೆ ಗುಳಿಗೆ ಮಾರಿದರೆ ಯಾಕಾಗಬಾರದು? ನಷ್ಟ ಆಗ್ತದೆ ಅನ್ನೋ ಹಿರಿಯರ ಅಂಜಿಕೆ ನಮಗೆ ಗೊತ್ತು. ಲೆಕ್ಕ ಹಾಕಿ ನೋಡೋಣ, ಮಹಾಸಭೆಯಲ್ಲಿ ಚರ್ಚೆ ಆಗಲಿ.

ಎರಡನೆಯದು ಸದಸ್ಯತ್ವ. ಯಶಸ್ವಿನಿ ಸಿಗೋದು ಸಹಕಾರ ಸಂಘಗಳ ಸದಸ್ಯರಿಗೆ. ನಮ್ಮ ಸಂಘದಲ್ಲಿ ಪಹಣಿ ಇದ್ದವರೇ ಹೆಚ್ಚು. ಗಂಡನ ಹೆಸರಲ್ಲಿ ಹೊಲ ಇದ್ದು ಆತ ತೀರಿಕೊಂಡ ಹೆಣ್ಣುಮಕ್ಕಳು, ಲಾವಣಿ ಮಾಡೋರು ಹೊರಗೇ ಉಳಿದಿದ್ದಾರೆ. ಎಲ್ಲರಿಗೂ ಆರೋಗ್ಯ ಅಂತ ಭಾಷಣ ಮಾಡಿ ಇವರನ್ನು ಹೊರಗೆ ನಿಲ್ಲಿಸಿದರೆ ಆ "ಎಲ್ಲರೂ" ಯಾರು? ಬೈಲಾ ಪ್ರಕಾರ ಯಾರ್ಯಾರನ್ನು ಸೇರಿಸಿಕೊಳ್ಳಬಹುದೋ ಅವರನ್ನು ಷೇರುದಾರರನ್ನಾಗಿ ಮಾಡೋಣ. ಸಂಘದಲ್ಲಿ ಆಗದವರು ಹಾಲಿನ ಸಂಘವೋ ಸ್ವಸಹಾಯ ಗುಂಪೋ ಹಿಡಿದು ಬರಲಿ, ದಾರಿ ತೋರಿಸೋದು ನಮ್ಮ ಕೆಲಸ.

ಷೇರು ಅರ್ಜಿಗಳನ್ನು ಕಾರ್ಯದರ್ಶಿಯವರು ಪೆಂಡಾಲಿನ ಎಡಕ್ಕೆ ಟೇಬಲ್ ಹಾಕಿ ಇಟ್ಟುಕೊಂಡು ಕುಂತಿದ್ದಾರೆ. ಆಧಾರ್, ರೇಷನ್ ಕಾರ್ಡಿನ ಝೆರಾಕ್ಸ್, ಎರಡು ಫೋಟೊ ಬೇಕು. ಬರೆಯಲು ಬಾರದವರಿಗೆ ಹೈಸ್ಕೂಲ್ ಹುಡುಗರು ತುಂಬಿಕೊಡ್ತಾರೆ. ಊಟ ಆದ ಮೇಲೆ ಆ ಕಡೆ ಹೋಗಿ ಬರ್ರಿ.