ಪೌಲ, ಯಾಕೋಬ ಮತ್ತು ಅಮ್ಮನ ಒಂದು ಪ್ರಶ್ನೆ

ವಿಲೆ ಪಾರ್ಲೆಯ ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡ್ತಾ ಇದ್ದೇವೆ. ನಡುನಡುವೆ ವಿಮಾನದ ಸದ್ದು ಬಂದರೆ ಸಹಿಸಿಕೊಳ್ಳಿ.

ನಮ್ಮಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲಿನಲ್ಲಿ ದುಡಿದವರು. ಭಾನುವಾರವೂ ಡ್ಯೂಟಿ, ಆರಾಧನೆಗೆ ಹೋದದ್ದು ಕಮ್ಮಿ. ಆದರೆ ಊರಿಂದ ಕೆಲಸ ಹುಡುಕಿ ಬಂದ ಹುಡುಗರಿಗೆ ನಮ್ಮ ಒಂದೇ ಕೋಣೆಯಲ್ಲಿ ಯಾವತ್ತೂ ಊಟ, ಮಲಗಲು ಜಾಗ ಇರುತ್ತಿತ್ತು. ಅಪ್ಪ ತೀರಿಕೊಂಡಾಗ ಸಂಬಂಧಿಕರೊಬ್ಬರು ಅಮ್ಮನ ಎದುರೇ ಹೇಳಿಬಿಟ್ಟರು: “ಒಳ್ಳೆ ಮನುಷ್ಯ. ಆದರೆ ರಕ್ಷಣೆ ನಂಬಿಕೆಯಿಂದ ಅಲ್ವಾ, ಕ್ರಿಯೆಯಿಂದ ಅಲ್ಲವಲ್ಲ.” ಆ ರಾತ್ರಿ ಅಮ್ಮ ಸತ್ಯವೇದ ತಂದು ನನ್ನ ಮುಂದಿಟ್ಟರು. “ಯಾಕೋಬ ಹಾಗೆ ಹೇಳುವುದಿಲ್ಲವಲ್ಲ ಮಗಾ?”

ನಿಜ. ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ ಅಂತ ಪೌಲ ಗಲಾತ್ಯದವರಿಗೂ ರೋಮಾಪುರದವರಿಗೂ ಬರೆಯುತ್ತಾನೆ. ನಂಬಿಕೆ ಮಾತ್ರದಿಂದಲ್ಲ ಅನ್ನುತ್ತದೆ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ. ಸೋಜಿಗ ಅಂದರೆ ಇಬ್ಬರೂ ಕರೆಯುವ ಸಾಕ್ಷಿ ಒಬ್ಬನೇ, ಆದಿಕಾಂಡ 15ರ ಅಬ್ರಹಾಮ. ಲೂಥರನಿಗೆ ಇದು ನುಂಗಲಾರದ ತುತ್ತು. 1522ರಲ್ಲಿ ಯಾಕೋಬನದ್ದು ಹುಲ್ಲಿನ ಪತ್ರಿಕೆ ಅಂದುಬಿಟ್ಟ.

ಆದರೆ ಪತ್ರ ಅಂದಮೇಲೆ ಯಾರಿಗೆ, ಯಾಕೆ ಅಂತ ಕೇಳಬೇಕಲ್ಲ. ಗಲಾತ್ಯದ ಜಗಳ ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕಾ ಅನ್ನುವುದರ ಮೇಲೆ. ಅಂತಿಯೋಕ್ಯದಲ್ಲಿ ಪೇತ್ರ ಅವರ ಜೊತೆ ಊಟ ಮಾಡುವುದನ್ನು ಬಿಟ್ಟಾಗ ಪೌಲ ಎದುರೆದುರೇ ಖಂಡಿಸಿದ. ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ! ಯಾಕೋಬನ ಮುಂದಿರುವ ರೋಗ ಬೇರೆ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಬಡವನಿಗೆ ಕಾಲ ಬುಡ, ಹಸಿದವನಿಗೆ ಬರೀ ಒಳ್ಳೆ ಮಾತು.

ಕನ್ನಡದಲ್ಲೇ ನೋಡಿ. ‘ದೇವರಿದ್ದಾನೆ ಅಂತ ನಂಬುತ್ತೇನೆ’ ಬೇರೆ, ‘ದೇವರನ್ನು ನಂಬಿದ್ದೇನೆ’ ಬೇರೆ. ಮೊದಲನೆಯದು ದೆವ್ವಗಳಿಗೂ ಉಂಟು ಅಂತ ಯಾಕೋಬ ಕುಟುಕುತ್ತಾನೆ. ಪೌಲನದ್ದು ಎರಡನೆಯದು, ಅದೂ ಪ್ರೀತಿಯ ಮೂಲಕ ಕೆಲಸ ಮಾಡುವಂಥದ್ದು. ಗಲಾತ್ಯ 5:6 ತೆಗೆದು ನೋಡಿ.

ಹಾಗಂತ ಇಬ್ಬರೂ ಹೇಳಿದ್ದು ಒಂದೇ ಅಂದರೆ ನಾನು ಒಪ್ಪಲ್ಲ. ಪೌಲ ಅಬ್ರಹಾಮನ ಕಥೆಯಲ್ಲಿ ಸುನ್ನತಿಗೆ ಮುಂಚಿನ ಗಳಿಗೆಗೆ ಬೆರಳಿಡುತ್ತಾನೆ. ಯಾಕೋಬ ಇಸಾಕನನ್ನು ಮಲಗಿಸಿದ ಬಲಿಪೀಠದವರೆಗೂ ನಡೆಯುತ್ತಾನೆ. ಆ ಅಂತರ ಅಳಿಸಬಾರದು. ಪೌಲನ ಪತ್ರಗಳಲ್ಲಿ ಕೆಲವು ಮಾತು ಅರ್ಥವಾಗುವುದು ಕಷ್ಟ ಅಂತ ಪೇತ್ರನ ಎರಡನೇ ಪತ್ರಿಕೆಯೇ ಹೇಳುತ್ತದೆ, ನಮ್ಮದೇನು!

ಅಮ್ಮನಿಗೆ ಆ ರಾತ್ರಿ ಇಷ್ಟೆಲ್ಲ ಹೇಳಲಿಲ್ಲ. ಊಟ, ಬಟ್ಟೆ ಇಲ್ಲದವನ ಬಗ್ಗೆ ಯಾಕೋಬ ಬರೆದ ಎರಡು ವಚನ ಓದಿದೆ ಅಷ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಾರ್ಕಳದ ಹುಡುಗನಿಗೆ ಅಪ್ಪ ತಮ್ಮ ಚಪ್ಪಲಿಯನ್ನೇ ಕೊಟ್ಟಿದ್ದರು” ಅಂದರು.

ಮುಂದಿನ ವಾರಕ್ಕೆ ರೋಮಾಪುರ 4 ಓದಿಕೊಂಡು ಬನ್ನಿ.