ಬೈಲಿನ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳ ಪೊರೆಯ ವಿಚಾರ



ಕಡಹಿನಬೈಲೆಂಬ ಊರ ಹೆಸರಿನಲ್ಲಿಯೇ ಬೈಲೆಂಬ ಮಾತು ಸೇರಿಕೊಂಡಿದೆ. ಗುಡ್ಡಗಳ ನಡುವೆ ನೀರು ನಿಲ್ಲುವ ತಗ್ಗಿನ ಗದ್ದೆಗೆ ಮಲೆನಾಡಿನವರು ಬೈಲೆನ್ನುವುದು ಈ ಸಭೆಗೆ ಹೊಸತಾಗಿ ತಿಳಿಸಬೇಕಾದ ಸಂಗತಿಯಲ್ಲ. ನಾಟಿಯಾದ ತರುವಾಯ ಇಂತಹ ಗದ್ದೆಗೆ ಇಳಿದು ಒಂದು ಹೆಜ್ಜೆಯಿಟ್ಟರೆ, ಕಾಲ ಬುಡದಿಂದ ಗುಳ್ಳೆಗಳು ಬುಳಬುಳನೆ ಎದ್ದು ನೀರಿನ ಮೇಲೆ ಒಡೆಯುವುದನ್ನು ಕಾಣದ ಒಕ್ಕಲಿಗನಿಲ್ಲ. ಆ ಗುಳ್ಳೆಗಳಲ್ಲಿ ಉರಿಯತಕ್ಕ ಅನಿಲವೊಂದುಂಟು. ಇಟಲಿಯ ವೋಲ್ಟಾ ಎಂಬ ಪಂಡಿತನು 1776ರಲ್ಲಿ ಸರೋವರದ ಜೌಗಿನಿಂದ ಇಂತಹುದೇ ಅನಿಲವನ್ನು ಹಿಡಿದು ಉರಿಸಿ ನೋಡಿದನು. ಇದಕ್ಕೆ ಮೀಥೇನೆಂದು ಹೆಸರು. ಇದನ್ನುಂಟುಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಅವುಗಳ ದೇಹರಚನೆಯೂ, ಅವು ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಸಾಗಿಸುವ ಕ್ರಮವೂ ಈ ಉಪನ್ಯಾಸದ ವಿಷಯ. ಇಷ್ಟು ಕ್ಷುದ್ರವಾದ ಜೀವಿಗಳ ವಿಚಾರ ಮಠದ ಸಭೆಗೇಕೆ ಎಂದು ಯಾರಾದರೂ ಕೇಳಿಯಾರು. ಮನೆಯ ಮಗುವಿಗೆ ಕೊಡುವ ಮದ್ದೂ, ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸೂ ಆ ಜೀವಿಗಳ ಪೊರೆಯ ಬಾಗಿಲಲ್ಲಿಯೇ ಫಲಿಸುವುದೋ ಕೆಡುವುದೋ ನಿಶ್ಚಯವಾಗುವುದರಿಂದ, ಈ ಪ್ರಶ್ನೆಗೆ ಉತ್ತರ ಮುಂದೆ ತಾನಾಗಿಯೇ ದೊರೆಯುವುದು.

ಸಾಧಾರಣ ಬ್ಯಾಕ್ಟೀರಿಯಾ ಒಂದರ ಉದ್ದ ಮಿಲಿಮೀಟರಿನ ಐನೂರನೆಯ ಒಂದು ಪಾಲು. ಅದರೊಳಗೆ, ಮನುಷ್ಯನ ಅಥವಾ ಅಡಕೆ ಮರದ ಜೀವಕೋಶದಲ್ಲಿರುವಂತೆ, ಬೇರೆಬೇರೆ ಕೋಣೆಗಳಿಲ್ಲ. ವಂಶಲಕ್ಷಣಗಳನ್ನು ಹೊತ್ತ ಡಿ.ಎನ್.ಎ. ಎಂಬ ದಾರವು ಕೇಂದ್ರಕವೆಂಬ ಪೆಟ್ಟಿಗೆಯೊಳಗೆ ಇರದೆ ಒಳಗಿನ ರಸದಲ್ಲಿಯೇ ಸುರುಳಿಯಾಗಿ ಬಿದ್ದಿರುತ್ತದೆ. ಪ್ರೋಟೀನುಗಳನ್ನು ಹೆಣೆಯುವ ರೈಬೋಸೋಮುಗಳೆಂಬ ಕಣಗಳು ಸಹಸ್ರಾರು ತುಂಬಿವೆ. ಇದು ಒಂದೇ ಅಂಕಣದ ಮನೆ. ಅಡಿಗೆ, ಉಗ್ರಾಣ, ಪಡಸಾಲೆ ಎಲ್ಲವೂ ಅಲ್ಲಿಯೇ. ಆದಕಾರಣ ಮನೆಯ ಗೋಡೆಗೆ ಇಲ್ಲಿ ಹೆಚ್ಚಿನ ಹೊಣೆ ಬಿದ್ದಿದೆ. ದೊಡ್ಡ ಜೀವಕೋಶಗಳಲ್ಲಿ ಒಳಕೋಣೆಗಳ ಪೊರೆಗಳು ಮಾಡುವ ಅನೇಕ ಕೆಲಸಗಳನ್ನು ಇಲ್ಲಿ ಹೊರಪೊರೆಯೊಂದೇ ನಿರ್ವಹಿಸುತ್ತದೆ.

ಈ ಪೊರೆಯ ದಪ್ಪ ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲು. ಇದು ಕೊಬ್ಬಿನ ಜಾತಿಯ ಅಣುಗಳಿಂದಾದದ್ದು. ಪ್ರತಿಯೊಂದು ಅಣುವಿಗೂ ನೀರನ್ನು ಒಲ್ಲದ ಬಾಲವೂ, ನೀರನ್ನು ಬಯಸುವ ತಲೆಯೂ ಉಂಟು. ಅವು ಎರಡು ಸಾಲಾಗಿ ನಿಂತು, ತಲೆಗಳನ್ನು ಎರಡೂ ಕಡೆಯ ನೀರಿಗೆ ಚಾಚಿ, ಬಾಲಗಳನ್ನು ನಡುವೆ ಅಡಗಿಸಿಕೊಳ್ಳುತ್ತವೆ. ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬವರು 1925ರಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದು, ಪೊರೆಗೆ ಎರಡು ಪದರಗಳಿರಬೇಕೆಂದು ಊಹಿಸಿದರು. ನಡುವಿನ ಎಣ್ಣೆಯಂತಹ ಭಾಗವನ್ನು ಪ್ರಾಣವಾಯುವಿನಂತಹ ಸಣ್ಣ ಅನಿಲಗಳು ದಾಟಬಲ್ಲವು. ಸಕ್ಕರೆಯೂ ಲವಣದ ಕಣಗಳೂ ತಾವಾಗಿ ದಾಟಲಾರವು. ನೀರು ಮಾತ್ರ ಒಂದಿಷ್ಟು ಜಿನುಗುತ್ತದೆ. ಈ ಜಿನುಗುವಿಕೆಯ ಫಲವನ್ನು ಅರಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಅಪ್ಪೆಮಿಡಿಯನ್ನು ಜಾಡಿಯ ಉಪ್ಪುನೀರಿನಲ್ಲಿ ಮುಳುಗಿಸಿದಾಗ ಮಿಡಿ ಸುಕ್ಕುವುದಷ್ಟೆ. ಮಿಡಿಯನ್ನು ಕೆಡಿಸಬಂದ ಬ್ಯಾಕ್ಟೀರಿಯಾದ ಮೈಯ ನೀರೂ ಅದೇ ರೀತಿ ಹೊರಗೆಳೆಯಲ್ಪಟ್ಟು ಅದು ಬೆಳೆಯಲಾರದೆ ಹೋಗುತ್ತದೆ. ಇದಕ್ಕೆ ವಿಪರೀತವಾಗಿ, ಮಳೆಯ ಸಪ್ಪೆ ನೀರಿನಲ್ಲಿ ನೀರು ಒಳನುಗ್ಗಿ ಪೊರೆ ಬಿರಿಯುವ ಭಯ. ಆ ಭಯವನ್ನು ನಿವಾರಿಸುವುದಕ್ಕಾಗಿ ಪೊರೆಯ ಹೊರಗೆ ಸಕ್ಕರೆ ಮತ್ತು ಅಮೈನೋ ಆಮ್ಲಗಳಿಂದ ಬಲೆಯಂತೆ ಹೆಣೆದ ಗಟ್ಟಿ ಭಿತ್ತಿಯೊಂದಿದೆ. ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು 1884ರಲ್ಲಿ ಕಂಡುಹಿಡಿದ ಬಣ್ಣಹಾಕುವ ವಿಧಾನದಿಂದ, ದಪ್ಪ ಭಿತ್ತಿಯ ಬ್ಯಾಕ್ಟೀರಿಯಾ ಒಂದು ಬಗೆ, ತೆಳು ಭಿತ್ತಿಯ ಮೇಲೆ ಮತ್ತೊಂದು ಪೊರೆಯನ್ನು ಹೊದ್ದವು ಇನ್ನೊಂದು ಬಗೆಯೆಂದು ಇಂದಿಗೂ ವಿಂಗಡಿಸುತ್ತಾರೆ.

ಸಕ್ಕರೆಯೂ ಲವಣವೂ ತಾವಾಗಿ ದಾಟಲಾರವಾದರೆ ಜೀವಿಯು ಉಣ್ಣುವುದು ಹೇಗೆ? ಪೊರೆಯಲ್ಲಿ ಅಲ್ಲಲ್ಲಿ ನೆಟ್ಟ ಪ್ರೋಟೀನುಗಳೇ ಬಾಗಿಲುಗಳು. ಮಲೆನಾಡಿನ ಬೇಲಿಯ ದಣಪೆಯನ್ನು ನೆನೆದುಕೊಂಡರೆ ಸಾಕು: ಮನುಷ್ಯ ದಾಟುವನು, ದನ ನಿಲ್ಲುವುದು. ಆದರೆ ಸೂಕ್ಷ್ಮಜೀವಿಯ ದಣಪೆ ಇದಕ್ಕಿಂತ ಸೋಜಿಗದ್ದು. ಮೊದಲ ಮಳೆಗೆ ಮಣ್ಣಿನಿಂದೇಳುವ ವಾಸನೆಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲವೊಂದುಂಟು. ಆ ಕುಲದ ಒಂದು ಜಾತಿಯ ಪೊರೆಯಲ್ಲಿರುವ ಪೊಟ್ಯಾಸಿಯಮ್ ಬಾಗಿಲಿನ ಆಕಾರವನ್ನು 1998ರಲ್ಲಿ ಅಮೆರಿಕದ ರಾಡರಿಕ್ ಮ್ಯಾಕಿನನ್ ಮತ್ತು ಅವರ ಸಂಗಡಿಗರು ಕಂಡರು. ಈ ಬಾಗಿಲಿನಲ್ಲಿ ಪೊಟ್ಯಾಸಿಯಮ್ ಸರಾಗವಾಗಿ ದಾಟುತ್ತದೆ. ಅದಕ್ಕಿಂತ ಚಿಕ್ಕದಾದ ಸೋಡಿಯಮ್ ಹತ್ತು ಸಾವಿರಕ್ಕೊಂದರಷ್ಟೂ ದಾಟದು. ಹಸು ದಾಟಿ ಕರು ನಿಂತಂತಾಯಿತು! ಕಾರಣವಿಷ್ಟೆ: ನೀರಿನಲ್ಲಿರುವ ಲವಣದ ಕಣವು ನೀರಿನ ಅಣುಗಳನ್ನು ಸುತ್ತಲೂ ಹೊದ್ದುಕೊಂಡಿರುತ್ತದೆ. ಬಾಗಿಲನ್ನು ಹೊಗಬೇಕಾದರೆ ಆ ಹೊದಿಕೆಯನ್ನು ಕಳಚಬೇಕು. ಪೊಟ್ಯಾಸಿಯಮಿನ ಅಳತೆಗೆ ಸರಿಯಾಗಿ ಬಾಗಿಲಿನ ಆಮ್ಲಜನಕದ ಪರಮಾಣುಗಳು ನಿಂತು, ಕಳಚಿದ ನೀರಿನ ಸ್ಥಾನವನ್ನು ತುಂಬಿಕೊಡುತ್ತವೆ. ಸೋಡಿಯಮ್ ಚಿಕ್ಕದು, ಆ ಪರಮಾಣುಗಳು ಅದನ್ನು ಎಲ್ಲ ಕಡೆಯಿಂದಲೂ ಮುಟ್ಟಲಾರವು, ಆದುದರಿಂದ ಅದು ಹೊದಿಕೆಯನ್ನು ಬಿಟ್ಟುಕೊಡಲೊಲ್ಲದು. ಮ್ಯಾಕಿನನ್ನರಿಗೆ 2003ರಲ್ಲಿ ನೊಬೆಲ್ ಬಹುಮಾನ ಸಂದಿತು.

ಬಾಗಿಲು ತೆರೆದಿದ್ದ ಮಾತ್ರಕ್ಕೆ ವಸ್ತುವು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುವುದೇ ಹೊರತು ಏರಿ ಬಾರದು. ಹೊರಗೆ ವಿರಳವಾಗಿರುವ ಆಹಾರವನ್ನು ಒಳಗೆ ಕೂಡಿಸಬೇಕಾದರೆ ಬಲ ಬೇಕು. ಈ ಬಲ ಎಲ್ಲಿಂದ ಬರುವುದೆಂಬುದನ್ನು 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್ ಎಂಬವರು ಹೇಳಿದಾಗ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅವರ ಮತವು ಕೆರೆಯ ಏರಿಯನ್ನು ಬಲ್ಲವರಿಗೆ ಕಷ್ಟವಾದದ್ದಲ್ಲ. ಜೀವಿಯು ಆಹಾರವನ್ನು ಕರಗಿಸಿ ಪಡೆದ ಶಕ್ತಿಯಿಂದ ಪ್ರೋಟಾನುಗಳೆಂಬ ಕಣಗಳನ್ನು ಪೊರೆಯ ಹೊರಕ್ಕೆ ತಳ್ಳುತ್ತದೆ. ಹೊರಗೆ ಅವು ಕೆರೆಯ ನೀರಿನಂತೆ ಒತ್ತರಿಸಿ ನಿಂತು ಒಳಕ್ಕೆ ಮರಳಲು ಹವಣಿಸುತ್ತವೆ. ತೂಬಿನಂತಿರುವ ಪ್ರೋಟೀನುಗಳ ಮೂಲಕ ಮರಳುವಾಗ ಅವುಗಳಿಂದ ಕೆಲಸ ತೆಗೆಯಬಹುದು. ಒಂದು ತೂಬಿನಲ್ಲಿ ಚಕ್ರವೊಂದು ನಿಜವಾಗಿಯೂ ತಿರುಗಿ, ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ಟಂಕಿಸುತ್ತದೆ. ಇನ್ನೊಂದರಲ್ಲಿ ಒಂದು ಪ್ರೋಟಾನು ಒಳಬರುವಾಗ ಹಾಲಿನ ಸಕ್ಕರೆಯ ಅಣುವೊಂದನ್ನು ಜೊತೆಗೆ ಕರೆತರುತ್ತದೆ. ಮಿಚೆಲ್ಲರಿಗೆ 1978ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಹದಿನೇಳು ವರ್ಷ ಕಾದರು. ಬೇರೊಂದು ಉಪಾಯವನ್ನು 1964ರಲ್ಲಿ ಸಾಲ್ ರೋಸ್‌ಮನ್ ಮತ್ತು ಸಂಗಡಿಗರು ತೋರಿಸಿದರು: ಕೆಲವು ಬ್ಯಾಕ್ಟೀರಿಯಾ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವಾಗಲೇ ಅದಕ್ಕೆ ಫಾಸ್ಫೇಟಿನ ಮುದ್ರೆಯೊತ್ತುತ್ತವೆ. ಮುದ್ರೆ ಬಿದ್ದ ಸಕ್ಕರೆ ಬಂದ ದಾರಿಯಲ್ಲಿ ಹಿಂದಿರುಗಲಾರದು.

ಇನ್ನು ಗದ್ದೆಯ ಗುಳ್ಳೆಗಳನ್ನು ಮಾಡುವ ಜೀವಿಗಳ ಮಾತು. ಇವನ್ನು ಬಹುಕಾಲ ಬ್ಯಾಕ್ಟೀರಿಯಾದ ಗುಂಪಿನಲ್ಲಿಯೇ ಎಣಿಸುತ್ತಿದ್ದರು. ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬವರು 1977ರಲ್ಲಿ ರೈಬೋಸೋಮಿನ ಭಾಗವೊಂದನ್ನು ತಾಳೆನೋಡಿ, ಇವು ಬೇರೆಯೇ ವಂಶದವೆಂದು ಸಾರಿದರು. ಈ ವಂಶಕ್ಕೆ ಆರ್ಕಿಯಾ ಎಂದು ಹೆಸರಾಯಿತು. ನೋಟಕ್ಕೆ ಎರಡೂ ಒಂದೇ. ಭೇದ ಇರುವುದು ಪೊರೆಯಲ್ಲಿ. ಬ್ಯಾಕ್ಟೀರಿಯಾದ ಕೊಬ್ಬಿನ ಬಾಲವು ತಲೆಗೆ ಎಸ್ಟರೆಂಬ ಗಂಟಿನಿಂದ ಕೂಡಿದ್ದರೆ, ಆರ್ಕಿಯಾದಲ್ಲಿ ಈಥರೆಂಬ ಬಲವಾದ ಗಂಟು. ಬಾಲಗಳು ಕವಲೊಡೆದವು. ಕೆಲವು ಜಾತಿಗಳಲ್ಲಿ ಎದುರುಬದುರಿನ ಬಾಲಗಳು ಬೆಸೆದುಕೊಂಡು ಎರಡು ಪದರ ಹೋಗಿ ಒಂದೇ ಪದರವಾಗಿರುವುದೂ ಉಂಟು. ಬ್ಯಾಕ್ಟೀರಿಯಾದ ಬಲೆಯಂತಹ ಭಿತ್ತಿ ಇವಕ್ಕಿಲ್ಲ. ಕುದಿಯುವ ಬುಗ್ಗೆಗಳಲ್ಲಿಯೂ ಉಪ್ಪಿನಾಗರಗಳಲ್ಲಿಯೂ ಇವುಗಳ ಬಂಧುಗಳು ಬಾಳುವುದಕ್ಕೆ ಇಂತಹ ಪೊರೆಯು ಸಹಕಾರಿ. ಮೀಥೇನನ್ನು ಮಾಡುವ ಆರ್ಕಿಯಾ ಮಾತ್ರ ಗಾಳಿಯಾಡದ ಕೆಸರನ್ನೂ, ಹಸುವಿನ ಹೊಟ್ಟೆಯನ್ನೂ ಆಶ್ರಯಿಸಿವೆ. ಬೇರೆ ಸೂಕ್ಷ್ಮಜೀವಿಗಳು ಬಿಟ್ಟ ಜಲಜನಕವನ್ನೂ ಇಂಗಾಲಾಮ್ಲವನ್ನೂ, ಅಥವಾ ವಿನೆಗರಿನ ಹುಳಿಯನ್ನೂ ಉಂಡು ಮೀಥೇನನ್ನು ಬಿಡುವುದು ಇವುಗಳ ವೃತ್ತಿ. ಆ ವೃತ್ತಿಯಲ್ಲಿ ದೊರೆಯುವ ಶಕ್ತಿ ಅತ್ಯಲ್ಪ. ಅದರಿಂದ ಸೋಡಿಯಮ್ ಕಣಗಳನ್ನು ಪೊರೆಯಾಚೆಗೆ ತಳ್ಳಿ, ಅವು ಮರಳುವ ರಭಸವನ್ನೂ ಎ.ಟಿ.ಪಿ.ಗೆ ಬಳಸಿಕೊಳ್ಳುತ್ತವೆ. ಬಡವನ ಮನೆಯ ಜಿಪುಣತನದಂತೆ ಇದು ಹಾಸ್ಯಕ್ಕೆ ತಕ್ಕದ್ದಲ್ಲ, ಮೆಚ್ಚತಕ್ಕದ್ದು.

ಈಗ ಮದ್ದಿನ ಸಂಗತಿ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಭಿತ್ತಿಯನ್ನು ಹೆಣೆಯಗೊಡದು. ನೀರು ನುಗ್ಗಿ ಜೀವಿಯು ಬಿರಿಯುತ್ತದೆ. ಮನುಷ್ಯನ ಜೀವಕೋಶಕ್ಕೆ ಆ ಭಿತ್ತಿಯೇ ಇಲ್ಲವಾದುದರಿಂದ ರೋಗಿಗೆ ಈ ಬಗೆಯ ಅಪಾಯವಿಲ್ಲ. ಮಲೆನಾಡನ್ನು ಕಾಡುವ ಮಂಗನ ಕಾಯಿಲೆಯ ವಿಷಯ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, ಚಿಕ್ಕಮಗಳೂರಿನ ಮಲೆನಾಡಿಗೂ ಬಂದ ಈ ರೋಗದ ಕಾರಣ ವೈರಸ್ಸು. ಅದರ ಮೈಮೇಲಿನ ಪೊರೆ ಹೊಕ್ಕ ಮನೆಯಿಂದ ಕದ್ದದ್ದು. ಅದಕ್ಕೆ ಭಿತ್ತಿಯಿಲ್ಲ, ರೈಬೋಸೋಮಿಲ್ಲ, ಉಣ್ಣುವುದಿಲ್ಲ. ಆದಕಾರಣ ಜ್ವರ ಕಂಡ ಕೂಡಲೆ ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆಯನ್ನು ತಂದು ನುಂಗಿ ನಿಶ್ಚಿಂತರಾಗಿರುವುದು ಈ ರೋಗದಲ್ಲಿ ಕೇವಲ ಕಾಲಹರಣ. ಕಾಲವೇ ಅಲ್ಲಿ ಪ್ರಾಣದ ಬೆಲೆಯುಳ್ಳದ್ದು.

ನಿಜವಾಗಿ ಬ್ಯಾಕ್ಟೀರಿಯಾದ ರೋಗವಾದರೂ ಮದ್ದು ಒಳಗೆ ನಿಲ್ಲಬೇಕಷ್ಟೆ. 1980ರಲ್ಲಿ ಅಮೆರಿಕದ ಸ್ಟೂಅರ್ಟ್ ಲೆವಿ ಮತ್ತು ಸಂಗಡಿಗರು ಒಂದು ವಿಪರೀತವನ್ನು ಕಂಡರು: ಟೆಟ್ರಾಸೈಕ್ಲೀನೆಂಬ ಮದ್ದು ಬ್ಯಾಕ್ಟೀರಿಯಾದ ಒಳಗೆ ಹೊಕ್ಕರೂ ಪೊರೆಯಲ್ಲಿರುವ ಪ್ರೋಟೀನೊಂದು ಅದನ್ನು ಹೊರಕ್ಕೆ ಎತ್ತಿಹಾಕುತ್ತಿತ್ತು. ದೋಣಿಯ ನೀರನ್ನು ಮೊಗೆದು ಚೆಲ್ಲಿದ ಹಾಗೆ. ಮಿಚೆಲ್ ಹೇಳಿದ ಅದೇ ಪ್ರೋಟಾನಿನ ರಭಸವೇ ಈ ಕೆಲಸಕ್ಕೂ ಬಲ. ಇಂತಹ ಪ್ರೋಟೀನಿನ ನಕ್ಷೆಯು ಅನೇಕ ವೇಳೆ ಉಂಗುರದಾಕಾರದ ಸಣ್ಣ ಡಿ.ಎನ್.ಎ.ಯಲ್ಲಿದ್ದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಜಾತಿಭೇದವಿಲ್ಲದೆ ದಾಟುತ್ತದೆ. ಅನಗತ್ಯವಾಗಿ ಮದ್ದು ನುಂಗಿದಾಗಲೆಲ್ಲ ಮೊಗೆಯಲಾರದವು ಸತ್ತು, ಮೊಗೆಯಬಲ್ಲವು ಉಳಿದು ಮನೆಯನ್ನು ತುಂಬುತ್ತವೆ. ಗದ್ದೆಯ ನೀರಿನಿಂದ ತಗಲುವ ಇಲಿಜ್ವರಕ್ಕೆ ವೈದ್ಯರು ಕೊಡುವ ಡಾಕ್ಸಿಸೈಕ್ಲೀನು ಈ ಟೆಟ್ರಾಸೈಕ್ಲೀನಿನ ಕುಲದ್ದೇ ಎಂಬುದನ್ನು ಬೈಲಿನಲ್ಲಿ ದುಡಿಯುವವರು ಮರೆಯತಕ್ಕದ್ದಲ್ಲ.

ಕೊನೆಯದಾಗಿ ಕೊಟ್ಟಿಗೆಯ ಹಿಂದಿನ ಗುಂಡಿ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನು. ಗದ್ದೆಯಲ್ಲಿ ವ್ಯರ್ಥವಾಗುವ ಕೆಲಸವೇ ಇಲ್ಲಿ ಒಲೆಗೆ ಒದಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೋಪಯೋಗಿ ವಿಭಾಗವು ಈ ವಿದ್ಯೆಯನ್ನು ಬಹಳವಾಗಿ ತಿದ್ದಿತು. ಆದರೆ ಕೊಟ್ಟಿಗೆಯನ್ನು ಫಿನೈಲಿನಿಂದಲೋ ಸೋಪಿನ ನೀರಿನಿಂದಲೋ ತೊಳೆದು, ಅದೇ ನೀರನ್ನು ಗುಂಡಿಗೆ ಹಾಯಿಸಿದರೆ ಕೆಲವು ದಿನಗಳಲ್ಲಿಯೇ ಒಲೆ ಮಂದವಾದೀತು. ಫಿನೈಲೂ ಸೋಪೂ ಪೊರೆಯ ಕೊಬ್ಬನ್ನೇ ಕದಡುವ ವಸ್ತುಗಳು. ಪೊರೆ ಸೋರಿದ ಮೇಲೆ ಒತ್ತರಿಸಿ ನಿಂತ ಪ್ರೋಟಾನೂ ಇಲ್ಲ, ಸೋಡಿಯಮ್ಮೂ ಇಲ್ಲ. ಇತರ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೇ ಇಮ್ಮಡಿಯಾಗಬಲ್ಲವು. ವಿನೆಗರಿನ ಹುಳಿಯನ್ನುಂಡು ಮೀಥೇನು ಮಾಡುವ ಆರ್ಕಿಯಾಕ್ಕೆ ಇಮ್ಮಡಿಯಾಗಲು ದಿನಗಳು ಬೇಕು. ಹೀಗೆ ಕೆಟ್ಟ ಗುಂಡಿಗೆ ನೆರೆಮನೆಯ ಚೆನ್ನಾಗಿ ಉರಿಯುವ ಗುಂಡಿಯಿಂದ ಕೆಲವು ಕೊಡ ಬಗ್ಗಡವನ್ನು ತಂದು ಸುರಿದು, ಸಗಣಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ, ತೊಳೆದ ನೀರಿಗೆ ಬೇರೆ ಚರಂಡಿಯನ್ನು ತೋಡಿಬಿಡಬೇಕು.